ಎರಡು ಬಿಗಿ, ಒಂದು ಸೀರೆ



ಇವತ್ತಿನ ಮಾತು ಇಳಕಲ್ ಸೀರೆಯ ದಡಿಯ ಬಗ್ಗೆ. ಅದರಲ್ಲೂ ದಡಿ ಒಡಲಿಗೆ ಕೂಡುವ ಸಣ್ಣ ಗೆರೆಯ ಬಗ್ಗೆ. ರೇಡಿಯೊದಲ್ಲಿ ಬಣ್ಣ ತೋರಿಸಲು ಬರುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ಮನೆಯಲ್ಲಿ ಅವ್ವನದೋ ಅಜ್ಜಿಯದೋ ಹಳೆಯ ಇಳಕಲ್ ಸೀರೆ ಇದ್ದರೆ ತೊಡೆಯ ಮೇಲೆ ಹರವಿಕೊಳ್ಳಿ. ಕಣ್ಣು ಮುಚ್ಚಿ, ಒಡಲಿನಿಂದ ದಡಿಯ ಕಡೆಗೆ ಬೆರಳು ಎಳೆಯಿರಿ. ಒಡಲು ಹತ್ತಿಯದು. ತುಸು ಒರಟು, ಬೆರಳಿಗೆ ತಡೆ ಕೊಡುತ್ತದೆ. ದಡಿ ರೇಷ್ಮೆಯದು, ಇಲ್ಲವೇ ಚಮಕ ಎಂದು ಕರೆಯುವ ಕೃತಕ ರೇಷ್ಮೆಯದು. ಅಲ್ಲಿ ಬೆರಳು ಜಾರುತ್ತದೆ. ಎರಡರ ನಡುವೆ, ಪುಣ್ಯವಿದ್ದರೆ, ಎಳೆಯಷ್ಟು ಉಬ್ಬಿದ ಒಂದು ಗೆರೆ ತಗಲುತ್ತದೆ.

ಪುಣ್ಯವಿದ್ದರೆ ಎಂದದ್ದಕ್ಕೆ ಕಾರಣವಿದೆ. ಆ ಗೆರೆ ಈಗ ಎಲ್ಲ ಸೀರೆಗಳಲ್ಲಿ ಸಿಗುವುದಿಲ್ಲ.

ಹನುಮಸಾಗರದವರಿಗೆ ಈ ಸೀರೆ ಪರ ಊರಿನದಲ್ಲ. ಕುಷ್ಟಗಿ ತಾಲ್ಲೂಕಿನ ಈ ಊರಿನಿಂದ ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ಇಳಕಲ್ಲಿನಲ್ಲಿ ಇಳಿಯಬಹುದು. ಇತ್ತ ದಕ್ಷಿಣಕ್ಕೆ ಗಜೇಂದ್ರಗಡ. ಅತ್ತ ವಾಯವ್ಯಕ್ಕೆ ಗುಡ್ಡಗಳಾಚೆ ಕುಪ್ಪಸದ ಕಣಕ್ಕೆ ಹೆಸರಾದ ಗುಳೇದಗುಡ್ಡ. ನಡುವಿನ ಈ ಪಟ್ಟಿಯಲ್ಲಿ ಹನುಮಸಾಗರ, ದೋಟಿಹಾಳದಂಥ ಊರುಗಳ ನೇಕಾರ ಓಣಿಗಳಿವೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿಯೂ ಮಗ್ಗದ ಸದ್ದಿದೆ. ಸೀರೆಗೆ ಅಂಟಿದ್ದು ಒಂದೇ ಊರಿನ ಹೆಸರು. ನೇಯುವ ಕೈಗಳು ಹತ್ತಾರು ಊರಿನವು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಇಂದು ಇಳಕಲ್ಲು ಬಾಗಲಕೋಟೆ ಜಿಲ್ಲೆಯಲ್ಲಿದೆ. ಹನುಮಸಾಗರ 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿದೆ. ಜಿಲ್ಲೆ ಬೇರೆ ಎಂಬುದು ಸಣ್ಣ ಮಾತು. ಸ್ವಾತಂತ್ರ್ಯಕ್ಕೆ ಮೊದಲು ಆಳುವವರೇ ಬೇರೆ ಇದ್ದರು. ಕುಷ್ಟಗಿ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಇಳಕಲ್ಲು ಬ್ರಿಟಿಷರ ಮುಂಬಯಿ ಪ್ರಾಂತದ್ದು. ಎರಡೂ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಭೂಪಟದಲ್ಲಿ ಎಳೆದ ಆ ಗೆರೆಯ ಎರಡೂ ಕಡೆ ಹೆಂಗಸರು ಉಟ್ಟದ್ದು ಮಾತ್ರ ಒಂದೇ ಕೆಂಪು ದಡಿ.

ಈವರೆಗೆ ಹೇಳಿದ್ದು ಇಷ್ಟು. ಸೀರೆಯ ಒಡಲು ಹತ್ತಿ, ದಡಿ ರೇಷ್ಮೆ, ನಡುವೆ ಒಂದು ಕೂಡಿಕೆ. ಈಗ ಮಗ್ಗದ ಹತ್ತಿರ ಹೋಗೋಣ.

ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು ಹಾಸು. ಅಡ್ಡ ಓಡಾಡುವ ಎಳೆ ಹೊಕ್ಕು. ಹೊಕ್ಕನ್ನು ಹೊತ್ತು ಓಡುವುದು ಲಾಳಿ. ಇಷ್ಟು ಎಲ್ಲರಿಗೂ ಗೊತ್ತು. ಸಾಮಾನ್ಯ ಬಟ್ಟೆಗೆ ಒಂದೇ ಉದ್ದನೆಯ ಹಾಸು ಸಾಕು. ಅದರ ಮೇಲೆ ಒಂದರ ಹಿಂದೆ ಒಂದರಂತೆ ನಾಲ್ಕಾರು ಸೀರೆ ನೇಯ್ದು ಕತ್ತರಿಸಿಕೊಳ್ಳಬಹುದು. ಹಳೆಯ ಪದ್ಧತಿಯ ಇಳಕಲ್ ಸೀರೆಗೆ ಇದು ನಡೆಯುವುದಿಲ್ಲ. ಅದಕ್ಕೆ ಮೂರು ಹಾಸು ಬೇಕು. ಒಡಲಿಗೆ ಹತ್ತಿಯದೊಂದು. ದಡಿಗೆ ರೇಷ್ಮೆಯದೊಂದು. ಸೆರಗಿಗೆ ಅದೇ ಬಣ್ಣದ ರೇಷ್ಮೆಯದು ಇನ್ನೊಂದು. ಅದೂ ಪ್ರತಿ ಸೀರೆಗೆ ಬೇರೆ ಬೇರೆಯಾಗಿ ಸಿದ್ಧವಾಗಬೇಕು.

ಇಷ್ಟು ಪಾಡು ಯಾಕೆ? ಸೆರಗಿನ ಕೆಂಪಿಗಾಗಿ. ಒಡಲು ಕಡುನೀಲಿ ಎಂದು ಇಟ್ಟುಕೊಳ್ಳಿ. ಆ ನೀಲಿ ಹಾಸನ್ನೇ ಸೆರಗಿನ ತನಕ ಬಿಟ್ಟು, ಕೆಂಪು ಹೊಕ್ಕು ಹಾಕಿದರೆ ಸೆರಗು ಅತ್ತ ಕೆಂಪೂ ಅಲ್ಲ, ಇತ್ತ ನೀಲಿಯೂ ಅಲ್ಲ, ಒಂದು ಮಸುಕು ಬಣ್ಣವಾಗುತ್ತದೆ. ಅಪ್ಪಟ ಕೆಂಪು ಬರಬೇಕಾದರೆ ಹಾಸೂ ಕೆಂಪಾಗಬೇಕು, ಹೊಕ್ಕೂ ಕೆಂಪಾಗಬೇಕು. ಅಂದರೆ ಒಡಲು ಮುಗಿದಲ್ಲಿ ನೀಲಿ ಎಳೆಗಳನ್ನು ನಿಲ್ಲಿಸಿ ಕೆಂಪು ಎಳೆಗಳನ್ನು ಹಿಡಿಸಬೇಕು. ಒಂದೆರಡು ಎಳೆಯಲ್ಲ, ಸೀರೆಯ ಅಗಲದಲ್ಲಿರುವ ಸಾವಿರಾರು ಎಳೆಗಳನ್ನು.

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಎಳೆಗೆ ಎಳೆ ಗಂಟು ಹಾಕಿದರೆ ಆ ಜಾಗ ದಪ್ಪವಾಗುತ್ತದೆ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯ ಸಂದಿಯಲ್ಲಿ ಸಿಕ್ಕಿ ಹರಿಯುತ್ತದೆ. ಹಾಗಾಗಿ ಗಂಟು ಇಲ್ಲ. ಒಡಲಿನ ಹಾಸಿನ ತುದಿಯಲ್ಲಿ ಎಳೆ ಮಡಚಿಕೊಂಡು ಕುಣಿಕೆಯಾಗಿರುತ್ತದೆ. ಸೆರಗಿನ ಎಳೆ ಆ ಕುಣಿಕೆಯೊಳಗೆ ತೂರಿ, ತಾನೂ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. ಕುಣಿಕೆಯೊಳಗೆ ಕುಣಿಕೆ. ನೀಲಿ ಈ ಕಡೆ ಎಳೆಯುತ್ತದೆ, ಕೆಂಪು ಆ ಕಡೆ ಎಳೆಯುತ್ತದೆ. ಎಳೆದಷ್ಟೂ ಕೂಡಿಕೆ ಗಟ್ಟಿ. ಈ ಸೆರಗಿಗೆ ತೋಪು ತೆನೆ ಎಂದು ಹೆಸರು. ಸೆರಗಿನ ಉದ್ದ ಸುಮಾರು ಹದಿನಾರು ಇಂಚಿನಿಂದ ಇಪ್ಪತ್ತೇಳು ಇಂಚಿನವರೆಗೆ. ಅದರಲ್ಲಿ ಮೂರು ಕೆಂಪು ಪಟ್ಟಿ, ನಡುನಡುವೆ ಎರಡು ಬಿಳಿ ಪಟ್ಟಿ. ಕೆಂಪು ಬಿಳಿ ಸೇರುವಲ್ಲಿ ಹಲ್ಲುಹಲ್ಲಾದ ಚಿತ್ತಾರ. ಕೆಲವಕ್ಕೆ ಹಣಿಗೆಯ ಹಲ್ಲಿನ ರೂಪ, ಕೆಲವಕ್ಕೆ ಕೋಟೆಯ ತೆನೆಯ ರೂಪ, ಕೆಲವಕ್ಕೆ ಜೋಳದ ತೆನೆಯ ರೂಪ.

ಕೇಳುಗರಲ್ಲಿ ಉಲ್ಲನ್ ಹೆಣೆಯುವವರು ಇದ್ದರೆ ಈಗ ಅವರ ಕಿವಿ ನಿಮಿರಿರಬೇಕು. ಕುಣಿಕೆಯೊಳಗೆ ಕುಣಿಕೆ ಅವರ ಕೆಲಸವಲ್ಲವೇ? ನೇಯ್ಗೆಯಲ್ಲಿ ಎಳೆಗಳು ಒಂದರ ಮೇಲೆ ಒಂದು ಹಾಯುತ್ತವೆ, ಅಷ್ಟೆ. ಹೆಣಿಗೆಯಲ್ಲಿ ಪ್ರತಿ ಕುಣಿಕೆಯೂ ಕೆಳಗಿನ ಕುಣಿಕೆಯಿಂದ ಎದ್ದು ಬರುತ್ತದೆ. ಇಳಕಲ್ ಸೀರೆ ತನ್ನ ಉದ್ದಕ್ಕೂ ನೇಯ್ಗೆ. ಸೆರಗು ಕೂಡುವ ಒಂದೇ ಒಂದು ಸಾಲಿನಲ್ಲಿ ಮಾತ್ರ ಹೆಣಿಗೆಯಂತೆ ನಡೆದುಕೊಳ್ಳುತ್ತದೆ.

ಹೆಣಿಗೆಯ ಮಾತು ಬಂದದ್ದು ಒಳ್ಳೆಯದೇ ಆಯಿತು. ದಡಿಯ ಕಷ್ಟ ಅಲ್ಲಿ ಬೇಗ ತಿಳಿಯುತ್ತದೆ.

ಒಂದು ಸ್ಕಾರ್ಫ್ ಹೆಣೆಯಬೇಕು ಎನ್ನಿ. ನಡುವೆ ಲೇಸ್, ಎರಡು ಅಂಚಿಗೂ ಹುರಿ. ಲೇಸ್ ಎಂದರೆ ಬೇಕೆಂದೇ ಬಿಟ್ಟ ತೂತುಗಳ ಹೆಣಿಗೆ. ಕಡ್ಡಿಗೆ ದಾರ ಒಂದು ಸುತ್ತು ಸುಮ್ಮನೆ ಸುತ್ತಿದರೆ ತೂತು ಬೀಳುತ್ತದೆ, ಒಂದು ಕುಣಿಕೆ ಹೆಚ್ಚಾಗುತ್ತದೆ. ಹೆಚ್ಚಾದದ್ದನ್ನು ಸರಿತೂಗಿಸಲು ಪಕ್ಕದಲ್ಲಿ ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆಯಬೇಕು. ಹುರಿ ಅಂಚಿನ ಕ್ರಮ ಬೇರೆ. ಆರು ಕುಣಿಕೆಯ ಹುರಿಯಾದರೆ, ಮೂರನ್ನು ಒಂದು ಗಿಡ್ಡ ಕಡ್ಡಿಗೆ ಏರಿಸಿ ಮುಂದೆ ತೂಗುಬಿಡಬೇಕು. ಹಿಂದಿನ ಮೂರನ್ನು ಮೊದಲು ಹೆಣೆಯಬೇಕು. ಆಮೇಲೆ ತೂಗುಬಿಟ್ಟ ಮೂರರ ಸರದಿ. ಹೀಗೆ ಒಂದು ಗುಂಪು ಇನ್ನೊಂದರ ಮೇಲೆ ಹಾಯ್ದು ಹಗ್ಗ ಹೊಸೆದಂತೆ ಕಾಣುತ್ತದೆ. ತೊಂದರೆ ಎಲ್ಲಿದೆ ಎಂದರೆ, ಲೇಸ್ ಹಿಗ್ಗುವ ಜಾತಿ, ಹುರಿ ಕುಗ್ಗುವ ಜಾತಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ಎರಡಕ್ಕೂ ಒಂದೇ ಲೆಕ್ಕದಲ್ಲಿ ಕುಣಿಕೆ ಹಾಕಿದರೆ ಅಂಚು ಮುದುಡುತ್ತದೆ, ನಡುಭಾಗ ಜೋಲುತ್ತದೆ. ಬಲ್ಲವರು ಹುರಿಯ ಕಡೆ ಅಷ್ಟೇ ಅಗಲಕ್ಕೆ ಹೆಚ್ಚು ಕುಣಿಕೆ ಹಾಕಿಕೊಳ್ಳುತ್ತಾರೆ. ಮುಗಿದ ಮೇಲೆ ನೀರಿನಲ್ಲಿ ನೆನೆಸಿ, ಲೇಸಿನ ಭಾಗವನ್ನು ಮಾತ್ರ ಪಿನ್ ಚುಚ್ಚಿ ಅಗಲಿಸಿ ಒಣಗಿಸುತ್ತಾರೆ. ಹುರಿಯನ್ನು ಮುಟ್ಟುವುದಿಲ್ಲ.

ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಮದುವೆಯ ಉಂಗುರದೊಳಗೆ ತೂರಿಸಿ ಎಳೆಯಬಹುದಾದಷ್ಟು ನಯದ ಉಣ್ಣೆ ಶಾಲಿಗೆ ಅವು ಹೆಸರಾದವು. ಅಲ್ಲಿಯೂ ಹಳೆಯ ಶಾಲುಗಳಲ್ಲಿ ನಡುಭಾಗ ಬೇರೆ, ಅಂಚು ಬೇರೆ ಹೆಣೆದು ಕೂಡಿಸುತ್ತಿದ್ದರು. ಕಾಂಚೀಪುರದ ರೇಷ್ಮೆ ಸೀರೆಯಲ್ಲಿ ದಡಿ ಕೂಡಿಸುವುದಕ್ಕೆ ಕೋರ್ವೈ ಎನ್ನುತ್ತಾರೆ, ಸೆರಗು ಕೂಡಿಸುವುದಕ್ಕೆ ಪೇಟ್ನಿ ಎನ್ನುತ್ತಾರೆ. ಊರು ಬೇರೆ, ನೂಲು ಬೇರೆ. ಪೇಚಾಟ ಮಾತ್ರ ಒಂದೇ. ಬೇರೆ ಬೇರೆ ಬಿಗಿಯ ಎರಡು ಬಟ್ಟೆ ಒಂದಾಗಿ ನಿಲ್ಲಬೇಕು.

ಇಲ್ಲಿಗೆ ಎರಡು ಸಂಗತಿ ಆಯಿತು. ಒಂದು, ಸೆರಗು ಒಡಲಿಗೆ ಕುಣಿಕೆಯಿಂದ ಕೂಡುತ್ತದೆ. ಎರಡು, ಅಂಚಿನ ಬಿಗಿಯೂ ನಡುವಿನ ಬಿಗಿಯೂ ಬೇರೆ ಬೇರೆ. ಈಗ ಉದ್ದಕ್ಕೂ ಓಡುವ ದಡಿಯ ಕಡೆ ಬರೋಣ.

ಇಳಕಲ್ ದಡಿಯ ಅಗಲ ಸುಮಾರು ನಾಲ್ಕರಿಂದ ಆರು ಇಂಚು. ಬಣ್ಣ ಹೆಚ್ಚಾಗಿ ಕೆಂಪು ಇಲ್ಲವೇ ಕಡುಗೆಂಪು. ಕೆಂಪಿನ ಮೇಲೆ ಹಳದಿ ಎಳೆಯ ಚಿತ್ತಾರ. ಹೆಚ್ಚು ಪ್ರಚಾರದಲ್ಲಿರುವುದು ಗೋಮಿ. ಅದಕ್ಕೇ ಇಳಕಲ್ ದಡಿ ಎಂದೂ ಹೆಸರು. ಬಾಣದ ತುದಿಗಳು ಒಂದರ ಬೆನ್ನಿಗೆ ಒಂದು ಸಾಲಾಗಿ ನಿಂತ ವಿನ್ಯಾಸ ಅದು. ಪರಾಸಪೇಟ ಎಂಬ ದಡಿಯಲ್ಲಿ ಚಿಕ್ಕಿ ಪರಾಸ, ದೊಡ್ಡ ಪರಾಸ ಎಂದು ಎರಡು ಬಗೆ. ಗಾಡಿ ಎಂಬುದು ಮತ್ತೊಂದು. ಈಚೆಗೆ ಜರಿಯ ದಡಿಯೂ ಬಂದಿದೆ.

ಹಳೆಯ ಕ್ರಮದಲ್ಲಿ ಈ ದಡಿಗೆ ಮೂರು ಲಾಳಿ. ಎಡ ದಡಿಗೊಂದು, ಒಡಲಿಗೊಂದು, ಬಲ ದಡಿಗೊಂದು. ದಡಿಯ ಕೆಂಪು ಹೊಕ್ಕು ಒಡಲಿನ ಗಡಿಯವರೆಗೆ ಬಂದು, ಒಡಲಿನ ಹೊಕ್ಕಿಗೆ ಸಿಕ್ಕಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಮೊದಲಿಗೆ ನಿಮ್ಮ ಬೆರಳಿಗೆ ತಗಲಿದ ಉಬ್ಬು ಇದೇ. ಪ್ರತಿ ಸಾಲಿಗೂ ಎರಡು ಕೊಂಡಿ, ಇಂಚಿಗೆ ಹತ್ತಾರು ಸಾಲು. ಸೀರೆ ಆರು ಗಜವಿರಬಹುದು, ಎಂಟೋ ಒಂಬತ್ತೋ ಗಜವಿರಬಹುದು. ಕಚ್ಚೆ ಹಾಕಿ ಉಡುವವರಿಗೆ ಉದ್ದನೆಯದೇ ಬೇಕು. ಲೆಕ್ಕ ನೀವೇ ಹಾಕಿಕೊಳ್ಳಿ. ಕೈಮಗ್ಗದಲ್ಲಿ ಒಂದು ಸೀರೆ ಮುಗಿಯಲು ವಾರ ಹಿಡಿಯುತ್ತದೆ ಎಂದರೆ ನೇಕಾರ ಮೈಗಳ್ಳನೆಂದಲ್ಲ.

ಇನ್ನು ಬಿಗಿ. ಹತ್ತಿಯ ಹಾಸಿಗೆ ಗಂಜಿ ಕುಡಿಸುತ್ತಾರೆ. ಬೀದಿಯುದ್ದಕ್ಕೆ ಎಳೆ ಹಾಸಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲೇರುವ ಮುನ್ನ ಒಣಗಿಸಿಕೊಳ್ಳುತ್ತಾರೆ. ಗಂಜಿ ಕುಡಿದ ಹತ್ತಿ ಸೆಟೆದು ನಿಲ್ಲುತ್ತದೆ, ಹಿಗ್ಗುವುದು ಕಡಿಮೆ. ಪಕ್ಕದ ರೇಷ್ಮೆ ಎಳೆ ಮೆದು, ಎಳೆದರೆ ಹಿಗ್ಗಿ ಮತ್ತೆ ಹಿಂದಕ್ಕೆ ಬರುವಂಥದ್ದು. ದಡಿಯ ಚಿತ್ತಾರಕ್ಕೆ ಮೇಲೆ ಕೆಳಗೆ ಆಡುವ ಹಳದಿ ಎಳೆಗಳಂತೂ ಉಳಿದವುಗಳ ಹಾಗೆ ಸಮನಾಗಿ ಖರ್ಚಾಗುವುದಿಲ್ಲ. ಎಲ್ಲವನ್ನೂ ಒಂದೇ ದಿಂಡಿಗೆ ಸುತ್ತಿ ಒಂದೇ ಬಿಗಿಯಲ್ಲಿ ಎಳೆದರೆ ಬಟ್ಟೆ ಹಾಳು. ಅದಕ್ಕೇ ದಡಿಯ ಎಳೆಗಳನ್ನು ಬೇರೆಯಾಗಿ ಕಟ್ಟಿ, ಬೇರೆ ಬಿಗಿ ಕೊಡುವುದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರ ಆಗಾಗ ಅಂಗೈಯನ್ನು ಹಾಸಿನ ಮೇಲೆ ಸವರುತ್ತಾನೆ. ನೋಡುವವರಿಗೆ ಧೂಳು ಒರೆಸಿದಂತೆ ಕಾಣುತ್ತದೆ. ಅವನು ಬಿಗಿ ನೋಡುತ್ತಿರುತ್ತಾನೆ. "ದಡಿ ಸಡ್ಲ ಆಗೇತಿ, ಚೂರು ಜಗ್ಗ" ಎಂಬ ಮಾತು ಹೊರಡುವುದು ಆ ಅಂಗೈ ಹೇಳಿದ ಮೇಲೆಯೇ.

ಮೆಚ್ಚಬೇಕಾದ ಜಾಗ ಇದು. ಆದರೆ ಮಾತಾಗುವುದು ಬೇರೆಯದರ ಬಗ್ಗೆ. 2023ರ ಫೆಬ್ರವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಮಂಡಿಸಲು ಕೆಂಪು ಇಳಕಲ್ ಸೀರೆ ಉಟ್ಟು ಬಂದರು. ಮೇಲೆ ಧಾರವಾಡದ ಕಸೂತಿ ಇತ್ತು. ದೇಶದ ಪತ್ರಿಕೆಗಳು ಸೀರೆಯ ಬಣ್ಣ ಬರೆದವು, ಕಸೂತಿಯ ರಥ, ನವಿಲು, ಕಮಲ ಬರೆದವು. ಕೂಡಿಕೆಯ ಸುದ್ದಿ ಯಾರಿಗೆ ಬೇಕು?

ಕಸೂತಿಯ ಹೆಸರು ಬಂತಲ್ಲ, ಅಲ್ಲಿಯೂ ಬಿಗಿಯದೇ ಕಾರುಬಾರು. ಕಸೂತಿಗೆ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡು ಕಡೆಯೂ ಒಂದೇ ರೂಪ ಕಾಣಬೇಕು, ಗಂಟು ಕಾಣಕೂಡದು. ಗೋಪುರ, ತೇರು, ತುಳಸಿ ವೃಂದಾವನದಂಥ ದೊಡ್ಡ ಚಿತ್ತಾರಗಳು ಸೆರಗಿನ ಹತ್ತಿರ ಬರುತ್ತವೆ. ದೂರ ಹೋದಂತೆ ಚಿತ್ತಾರ ಸಣ್ಣದಾಗುತ್ತದೆ. ದಾರ ಜಗ್ಗಿದರೆ ಹತ್ತಿ ಒಡಲು ಸುಕ್ಕುಗಟ್ಟುತ್ತದೆ. ಸಡಿಲ ಬಿಟ್ಟರೆ ಬಳೆಗೆ ಸಿಕ್ಕಿ ಹರಿಯುತ್ತದೆ.

ಮೂರು ಹಾಸು, ಮೂರು ಲಾಳಿ, ಕುಣಿಕೆಯ ಸೆರಗು, ಕೊಂಡಿಯ ದಡಿ. ಈವರೆಗೆ ಕೇಳಿದ್ದು ಇದು. ಇನ್ನು ಪವರ್‌ಲೂಮ್ ಏನು ಮಾಡಿತು ಎಂಬ ಪ್ರಶ್ನೆ.

ಪವರ್‌ಲೂಮ್ ಕೂಡಿಕೆಯನ್ನೇ ಬಿಟ್ಟಿತು. ಒಂದು ಲಾಳಿ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಒಡಲಿನ ಹೊಕ್ಕೇ ದಡಿಯೊಳಗೂ ನುಗ್ಗುತ್ತದೆ. ಹಾಸು ಸೆರಗಿನ ತನಕ ಒಂದೇ. ಸೀರೆ ಬೇಗ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ದಿನಗೂಲಿಯ ಹೆಣ್ಣುಮಗಳಿಗೆ ಹಬ್ಬಕ್ಕೊಂದು ಇಳಕಲ್ ಸೀರೆ ಸಿಗುವುದು ಇದರಿಂದಲೇ. ಅದನ್ನು ಹಳಿಯುವುದು ತಪ್ಪು. ಕೈಮಗ್ಗದವರೂ ಬೆಲೆ ತಗ್ಗಿಸಲು ಎಷ್ಟೋ ಕಡೆ ಕೊಂಡಿ ಬಿಟ್ಟಿದ್ದಾರೆ. ತಕರಾರು ಇರುವುದು ಒಂದಕ್ಕೆ. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದು ಹೇಳಿ ಆ ಬೆಲೆಗೆ ಮಾರುವುದು.

ಕೈಮಗ್ಗವನ್ನು ಕಾಯಲು ಕಾನೂನಿದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು. ಮೊದಲ ಪಟ್ಟಿಯಲ್ಲಿ 22 ಬಗೆಯ ಬಟ್ಟೆಗಳಿದ್ದವು. ಕಾಯ್ದೆಯನ್ನು ಪ್ರಶ್ನಿಸಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಆಮೇಲೆ ಪಟ್ಟಿಯೇ 11ಕ್ಕೆ ಇಳಿಯಿತು. ದಡಿ ಇರುವ ಹತ್ತಿ, ರೇಷ್ಮೆ ಸೀರೆಗಳು ಪಟ್ಟಿಯಲ್ಲಿ ಉಳಿದಿವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಇದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸದವರು ಸುಮಾರು 35 ಲಕ್ಷ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಇಳಕಲ್ ಸೀರೆಯ ಕೆಲಸವೂ ಮನೆಯೊಳಗಿನದು. ನೂಲು ಬಿಚ್ಚಿ ಕಂಡಿಕೆ ಸುತ್ತುವುದರಿಂದ ಹಿಡಿದು ಹೆಂಗಸರ ಕೈ ಅದರಲ್ಲಿ ಇದ್ದೇ ಇರುತ್ತದೆ.

ಕಾಯ್ದೆ ಅಂಗಡಿಯ ಗಲ್ಲೆಯವರೆಗೆ ಬರುವುದಿಲ್ಲ. ಅಲ್ಲಿ ನಿಮ್ಮ ಬೆರಳೇ ಪರೀಕ್ಷಕ. ಸೀರೆ ಕೊಳ್ಳುವಾಗ ಒಳಬದಿ ತಿರುಗಿಸಿ. ಸೆರಗು ಶುರುವಾಗುವ ಗೆರೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಅಗಲಿಸಿ. ಸಣ್ಣ ಕುಣಿಕೆಗಳ ಸಾಲು ಕಂಡರೆ ತೋಪು ತೆನೆ. ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣ ಇಣುಕುತ್ತಿದ್ದರೆ ಹಾಸು ಒಂದೇ ಎಂದು ಅರ್ಥ. ದಡಿಯ ಗೆರೆಯನ್ನೂ ಹಾಗೆಯೇ ನೋಡಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಕೊಂಡು ತಂದಾಯಿತು. ಕೊನೆಯದಾಗಿ ಒಗೆಯುವ ಮಾತು. ಹತ್ತಿ ನೀರಿಗೆ ಬಿದ್ದರೆ ಗಟ್ಟಿಯಾಗುತ್ತದೆ. ಚಮಕ ನೀರಿಗೆ ಬಿದ್ದರೆ ಅದರ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಒಂದೇ ಸೀರೆಯಲ್ಲಿ ಒಡಲಿಗೆ ಬಲ ಬಂದ ಹೊತ್ತಿನಲ್ಲೇ ದಡಿಗೆ ಬಲ ಕುಂದಿರುತ್ತದೆ. ಆದ್ದರಿಂದ ಬಂಡೆಗೆ ಬಡಿಯಬೇಡಿ. ನೆನೆದ ಸೀರೆಯನ್ನು ಇಬ್ಬರು ಆ ತುದಿ ಈ ತುದಿ ಹಿಡಿದು ಹಿಂಡುವ ರೂಢಿ ನಮ್ಮಲ್ಲಿದೆ. ಅದೂ ಬೇಡ. ಮೊದಲ ಒಗೆತಕ್ಕೆ ಹತ್ತಿ ತುಸು ಕುಗ್ಗುತ್ತದೆ, ದಡಿ ಅಲೆಅಲೆಯಾಗಿ ನಿಲ್ಲುತ್ತದೆ. ಗಾಬರಿ ಬೇಡ. ಹಸಿ ಇರುವಾಗಲೇ ಹಾಸಿ, ಒಡಲನ್ನು ಅಂಗೈಯಿಂದ ಉದ್ದಕ್ಕೆ ನೀವಿ ದಡಿಗೆ ಸರಿಗೂಡಿಸಿ. ನೆರಳಿನಲ್ಲಿ ಒಣಗಿಸಿ.

ದಿನಾ ಉಟ್ಟರೆ ಮೊದಲು ಸವೆಯುವುದು ಹತ್ತಿಯ ಒಡಲು. ರೇಷ್ಮೆ ದಡಿ ಇನ್ನೂ ಕೆಂಪಾಗಿಯೇ ಇರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಒಡಲು ಕೌದಿಗೆ ಹೋಗುತ್ತದೆ. ದಡಿಯನ್ನು ಬೇರೆ ಮಾಡಿ ಕುಪ್ಪಸದ ತೋಳಿಗೆ, ಚೀಲದ ಬಾಯಿಗೆ, ಕೌದಿಯ ಅಂಚಿಗೆ ಹಚ್ಚುತ್ತಾರೆ. ಹಾಗೆ ಬೇರೆ ಮಾಡುವಾಗ ಕೊಂಡಿಯ ಗೆರೆಯ ಮೇಲೆ ಕತ್ತರಿ ಆಡಿಸಬೇಡಿ. ಅಲ್ಲಿ ಕತ್ತರಿಸಿದರೆ ಕೆಂಪು ಹೊಕ್ಕಿಗೆ ಹಿಡಿತ ತಪ್ಪಿ ದಡಿ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ಒಡಲಿನ ಕಡೆ ಒಂದು ಬೆರಳಗಲ ಹತ್ತಿಯನ್ನು ದಡಿಯ ಜೊತೆಗೇ ಬಿಟ್ಟು ಕತ್ತರಿಸಿ. ಆ ಹತ್ತಿಯ ಪಟ್ಟಿಯನ್ನು ಒಳಕ್ಕೆ ಮಡಚಿ ಹೊಲಿಯಿರಿ.